ಕತ್ತರಿ ತಾಗದ ಮೀನು

ಸೆಪ್ಟೆಂಬರ್ ೯

ಮೀನುಮರಿ ಕೇಂದ್ರದ ಮೇಲ್ವಿಚಾರಕಿಯವರಿಗೆ,

ಮಾನ್ಯರೇ,

ಹೊಳೆಯ ಮೇಲ್ಭಾಗದಲ್ಲಿ, ಹಳೇ ಸೇತುವೆಯ ಕೆಳಗಿನ ಮಡುವಿನಲ್ಲಿ, ಊರೂರಿನಿಂದ ಬರುವ ಹವ್ಯಾಸಿಗಳಿಗೆ ಗಾಳ ಹಾಕಿಸುವುದು ನನ್ನ ಕಸುಬು. ಇದು ತಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಸರ್ಕಾರಿ ಕಚೇರಿಗೆ ಬರೆಯುವಾಗ ಮೊದಲು ತಾನು ಯಾರೆಂದು ಹೇಳಿಕೊಳ್ಳಬೇಕಂತೆ, ಹೇಳಿಕೊಂಡಿದ್ದೇನೆ.

ದೂರು ಏನೆಂದರೆ, ತಮ್ಮ ಕೇಂದ್ರದ ತೊಟ್ಟಿಯಲ್ಲಿ ಬೆಳೆದು, ಸಮುದ್ರ ಸುತ್ತಿಕೊಂಡು ಹೊಳೆ ಹತ್ತಿ ಬರುವ ಮೀನುಗಳಿಗೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ. ಹೊಳೆಯಲ್ಲೇ ಹುಟ್ಟಿದ ಮೀನು ಮನುಷ್ಯನ ನೆರಳು ಬಿದ್ದರೆ ಕಲ್ಲಿನ ಅಡಿ ಸೇರುತ್ತದೆ. ತಮ್ಮ ತೊಟ್ಟಿ ಮೀನು ನೆರಳು ಕಂಡರೆ ಊಟ ಬಂತೆಂದು ಬಾಯಿ ತೆರೆದುಕೊಂಡು ಮೇಲೆ ಬರುತ್ತದೆ. ಹೋದ ವಾರ ನನ್ನ ಹಳೇ ಗಿರಾಕಿ ಹಲ್ಲಿನ ಡಾಕ್ಟರು ಸಿಗರೇಟಿನ ತುಂಡನ್ನು ನೀರಿಗೆ ಎಸೆದರು. ಅದಕ್ಕೂ ಒಂದು ಮೀನು ಬಾಯಿ ಹಾಕಿತು. "ಇದಕ್ಕೆ ಗಾಳ ಯಾಕ್ರೀ? ಹೆಸರು ಹಿಡಿದು ಕೂಗಿದ್ರೆ ಸಾಕು, ಬಂದ್ಬಿಡುತ್ತೆ" ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಬೆಳಗಿನಿಂದ ಕೂತು ಗರಿ ಸುತ್ತಿ, ದಾರ ಬಿಗಿದು, ಹುಳದಂತೆ ಕಾಣುವ ಗಾಳ ಕಟ್ಟುವವನು ನಾನು. ಸಿಗರೇಟು ತಿನ್ನುವ ಮೀನಿಗೆ ನನ್ನ ಕೈಕೆಲಸ ಯಾಕೆ?

ಇದಕ್ಕೆ ಕೇಂದ್ರದ ಉತ್ತರವೇನು, ತಿಳಿಸಬೇಕು.

ತಾವು ಮೇಲ್ವಿಚಾರಕಿಯಾದ ಸುದ್ದಿ ನನಗೆ ಗೊತ್ತಾದದ್ದು ಮೀನುಮರಿ ಸಾಗಿಸುವ ನಿಮ್ಮ ಟ್ಯಾಂಕರ್ ಓಡಿಸುವ ಹಾರನ್ ಮಾವನಿಂದ. (ಸದ್ದಿಗೆ ಮೀನು ಬೆದರುತ್ತವೆಂದು ಜನ್ಮದಲ್ಲಿ ಹಾರನ್ ಒತ್ತದವನಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ.) ಬಡ್ತಿ ಸಿಕ್ಕಿದರೆ ಹೆತ್ತ ಅಪ್ಪನಿಗೆ ಒಂದು ಮಾತು ಹೇಳಬೇಕೆಂಬ ನಿಯಮ ತಮ್ಮ ಇಲಾಖೆಯಲ್ಲಿ ಇಲ್ಲವೆಂದು ಕಾಣುತ್ತದೆ. ಇರಲಿ.

ಇಂತಿ,
ಹಳೇ ಸೇತುವೆಯ ಗಾಳಗಾರ

ವಿ.ಸೂ.: ಮರಿಗಳ ರೆಕ್ಕೆ ಕತ್ತರಿಸುವ ಶೆಡ್ಡಿನ ನೀರು ಕೈ ಕೊರೆಯುವಷ್ಟು ತಣ್ಣಗಿರುತ್ತದೆ ಎಂದು ಕೇಳಿದ್ದೇನೆ. ಮೇಲ್ವಿಚಾರಕಿಯಾದ ಮೇಲೂ ಅದರಲ್ಲಿ ಕೈ ಅದ್ದಬೇಕೋ, ಹೇಗೆ?


ಸೆಪ್ಟೆಂಬರ್ ೨೦

ಮಾನ್ಯರೇ,

ತಮ್ಮ ದೂರು ತಲುಪಿದೆ. ಕೇಂದ್ರದ ಪರವಾಗಿ ಉತ್ತರಿಸುತ್ತಿದ್ದೇನೆ.

ನಮ್ಮ ಮರಿಗಳು ಕಣ್ಣು ಬಿಟ್ಟಂದಿನಿಂದ ಮನುಷ್ಯರ ಕೈಯಿಂದಲೇ ಮೇವು ತಿನ್ನುತ್ತವೆ. ತೊಟ್ಟಿಯ ಮೇಲೆ ನೆರಳು ಬಿತ್ತೆಂದರೆ ಅವಕ್ಕೆ ಊಟದ ಹೊತ್ತು. ಅದು ಮಾನಗೇಡಿತನವಲ್ಲ, ಅಭ್ಯಾಸ. ಸಮುದ್ರದಲ್ಲಿ ಅಲೆದು ಬಂದ ಮೇಲೂ ಹಳೇ ಅಭ್ಯಾಸ ಬಿಡದಿರುವುದನ್ನು ನಾನು ಮನುಷ್ಯರಲ್ಲೂ ಕಂಡಿದ್ದೇನೆ, ಮೀನನ್ನೇ ಯಾಕೆ ಬಯ್ಯಬೇಕು?

ತೊಟ್ಟಿ ಮೀನು ಬೇಡವಾದರೆ ಗುರುತಿಸುವುದು ಸುಲಭ. ಬೆನ್ನಿನ ದೊಡ್ಡ ರೆಕ್ಕೆಯ ಹಿಂದೆ, ಬಾಲದ ಹತ್ತಿರ, ಉಗುರಿನಷ್ಟು ಒಂದು ಪುಟ್ಟ ರೆಕ್ಕೆ ಇರುತ್ತದೆ. ಹೊಳೆಗೆ ಬಿಡುವ ಮೊದಲು ನಾವು ಪ್ರತಿಯೊಂದು ಮರಿಯ ಆ ಪುಟ್ಟ ರೆಕ್ಕೆಯನ್ನು ಕತ್ತರಿಸುತ್ತೇವೆ. ಅದು ಇಲ್ಲದ ಮೀನು ನಮ್ಮದು, ಹಿಡಿದವರು ಮನೆಗೆ ಒಯ್ಯಬಹುದು. ಇರುವ ಮೀನು ಹೊಳೆಯದು, ಹಿಡಿದಲ್ಲೇ ನೀರಿಗೆ ಬಿಡಬೇಕು. ಈ ನಿಯಮವನ್ನು ನನಗೆ ಮೊಟ್ಟಮೊದಲು ಹೇಳಿಕೊಟ್ಟವರು ಯಾರು ಎಂಬುದಕ್ಕೆ ನಮ್ಮ ಕಡತದಲ್ಲಿ ದಾಖಲೆಯಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಲ್ಲಿಸಿ, ಕಿವಿ ಹಿಂಡಿ, ಹೇಳಿಕೊಟ್ಟಿದ್ದರು ಎಂಬುದು ಮಾತ್ರ ನೆನಪಿದೆ.

ಇನ್ನೊಂದು ಮಾತು. ಕೆಳಗೆ ಅಣೆಕಟ್ಟು ಎದ್ದ ಮೇಲೆ ಹೊಳೆ ಮೀನು ಎಷ್ಟು ಉಳಿದಿವೆ ಎಂದು ತಮಗೇ ಗೊತ್ತು. ನಮ್ಮ ಸಿಗರೇಟು ತಿನ್ನುವ ಮೀನುಗಳು ಇಲ್ಲದಿದ್ದರೆ ತಮ್ಮ ಹಲ್ಲಿನ ಡಾಕ್ಟರು ಯಾವ ಮೀನು ಹಿಡಿದು ಹಲ್ಲು ಕಿಸಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು?

ಹೆತ್ತವರಿಗೆ ತಿಳಿಸುವ ವಿಚಾರ: ಮೂರು ವರ್ಷದ ಹಿಂದೆ ಮನೆಯ ಬಾಗಿಲಲ್ಲಿ ಹೆತ್ತವರು ಆಡಿದ ಮಾತು ಕೇಳಿದ ಮೇಲೆ ವಿಳಾಸ ಮರೆತುಹೋಗಿತ್ತು.

ಇಂತಿ,
ಮೇಲ್ವಿಚಾರಕಿ, ಮೀನುಮರಿ ಕೇಂದ್ರ

ವಿ.ಸೂ.: ಕೈ ಈಗಲೂ ಅದ್ದುತ್ತೇನೆ. ಬೆರಳು ಬಿರುಕು ಬಿಟ್ಟಿದ್ದಕ್ಕೆ ಮುಲಾಮು ಹಚ್ಚಿಕೊಳ್ಳುತ್ತೇನೆ.


ಅಕ್ಟೋಬರ್ ೬

ಮೇಲ್ವಿಚಾರಕಿಯವರೇ,

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇದೆ. ಸಾಕಿದವರಿಗೂ ಹಾಗೇ ಎಂದು ನಿಮ್ಮ ಕಾಗದ ಓದಿದ ಮೇಲೆ ಗೊತ್ತಾಯಿತು. ವಾದ ಮಾಡುವುದು ನಿಮ್ಮ ಅಮ್ಮನಿಂದ ಬಂದದ್ದು. ಅವಳ ಹತ್ತಿರವೂ ನಾನು ಗೆದ್ದವನಲ್ಲ.

ಈಗ ವಾದ ಬೇಡ, ಒಂದು ಒಗಟು ಬಿಡಿಸಿ. ಮೊನ್ನೆ ಡಾಕ್ಟರ ಗಾಳಕ್ಕೆ ಒಂದು ಹೆಣ್ಣು ಮೀನು ಬಿತ್ತು. ದಾರ ಎಳೆದುಕೊಂಡು ಸೇತುವೆಯ ಕಂಬದವರೆಗೆ ಓಡಿತು, ಡಾಕ್ಟರು ಒದ್ದೆಯಾಗಿ ಬಿದ್ದರು, ಕೊನೆಗೆ ಬಲೆಚೀಲದೊಳಗೆ ಬಂತು. ನೋಡುತ್ತೇನೆ, ಪುಟ್ಟ ರೆಕ್ಕೆ ಇಡಿಯಾಗಿ ಇದೆ.

"ಮನೆಗೆ ತಗೊಂಡು ಹೋಗ್ಲಾ?" ಎಂದರು ಡಾಕ್ಟರು.

"ಆಗಲ್ಲ ಡಾಕ್ಟ್ರೇ, ಹೊಳೇದು. ಕೈ ಒದ್ದೆ ಮಾಡ್ಕೊಂಡು ಮೆತ್ತಗೆ ಹಿಡೀರಿ, ಬಿಟ್ಬಿಡೋಣ" ಎಂದೆ.

ಬಿಡುವ ಮೊದಲು ಬೆನ್ನು ಕಂಡಿತು. ಬೆನ್ನಿನ ದೊಡ್ಡ ರೆಕ್ಕೆ ನೆಟ್ಟಗಿಲ್ಲ, ಮಡಿಸಿಟ್ಟ ಬಟ್ಟೆಯಂತೆ ಸೊಟ್ಟ. ಬಾಲದ ಮೂಲೆಗಳು ಸವೆದು ದುಂಡಗಾಗಿವೆ. ಸಿಮೆಂಟಿನ ಗೋಡೆಗೆ ಉಜ್ಜಿ ಉಜ್ಜಿ ಬೆಳೆದ ಮೀನಿಗೆ ಮಾತ್ರ ಹೀಗಾಗುವುದು. ಹೊಳೆ ಮೀನಿನ ರೆಕ್ಕೆ ಹೊಸ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ಇದು ಯಾವ ಎಡಬಿಡಂಗಿ? ಪುಟ್ಟ ರೆಕ್ಕೆ ಕೇಳಿದರೆ ಹೊಳೆಯವಳು, ದೊಡ್ಡ ರೆಕ್ಕೆ ಕೇಳಿದರೆ ತೊಟ್ಟಿಯವಳು. ಅದನ್ನು ನೀರಿನಲ್ಲಿ ಹಿಡಿದುಕೊಂಡು ಉಸಿರು ಬರುವವರೆಗೆ ಕೂತಿದ್ದೆ. ಆಮೇಲೆ ಬಾಲ ಬೀಸಿ ನನ್ನ ಮುಖಕ್ಕೆ ನೀರು ಹೊಡೆದು ಹೋಯಿತು. ಸ್ವಭಾವ ಮಾತ್ರ ಪರಿಚಯದ್ದು ಅನ್ನಿಸಿತು.

ಬಾಗಿಲಲ್ಲಿ ಆಡಿದ ಮಾತಿನ ವಿಷಯ ಎತ್ತಿದ್ದೀರಿ. ನನಗೂ ನೆನಪಿದೆ. ಒಳಗೆ ನಿಮ್ಮ ಅಮ್ಮನ ಉಸಿರು ಆಗಷ್ಟೇ ನಿಂತಿತ್ತು. ಹೊರಗೆ ಟ್ಯಾಂಕರ್ ನಿಂತಿತು. ಅದರಿಂದ ನೀವು ಇಳಿದಿರಿ, ಕಾಲಿಗೆ ರಬ್ಬರ್ ಬೂಟು, ಮೈಮೇಲೆ ಒದ್ದೆ ಏಪ್ರನ್ನು, ಹತ್ತಿರ ಬಂದರೆ ಮೀನಿನ ವಾಸನೆ. ಕೆಲಸ ಮುಗಿಸಿ, ಲೋಡು ತುಂಬಿಸಿ, ಅದರ ಜೊತೆಗೇ ಡ್ಯೂಟಿ ಮೇಲೆ ಬಂದ ಹಾಗೆ ಬಂದಿರಿ. "ಮೀನು ಸುಖವಾಗಿ ತಲುಪಿದ್ವಾ?" ಎಂದು ಕೇಳಿದೆ. ಇನ್ನೇನು ಕೇಳಬೇಕಿತ್ತು?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತು. ಆದರೆ ನೀವೂ ಉತ್ತರ ಕೊಡದೆ ನನ್ನನ್ನು ದಾಟಿಕೊಂಡು ಒಳಗೆ ಹೋದಿರಿ. ಎಲ್ಲ ಮುಗಿದ ಮೇಲೆ ಹಾಗೇ ದಾಟಿಕೊಂಡು ಹೊರಗೂ ಹೋದಿರಿ.

ಒಗಟಿಗೆ ಉತ್ತರ ಬರೆಯಿರಿ.

ಗಾಳಗಾರ


ಅಕ್ಟೋಬರ್ ೧೯

ನಿಮ್ಮ ಕಾಗದ ಬಂತು.

ಆ ಮೀನಿನ ರೆಕ್ಕೆ ಕಲ್ಲಿಗೆ ಉಜ್ಜಿ ಸವೆದಿರಬಹುದು. ಅಣೆಕಟ್ಟಿನಲ್ಲಿ ಮೀನಿಗೆಂದು ಕಟ್ಟಿದ ನೀರಿನ ಮೆಟ್ಟಿಲು ಹತ್ತುವಾಗ ಪೆಟ್ಟಾಗಿರಬಹುದು. ಅದನ್ನು ಅಷ್ಟು ಕೆದಕಬೇಕಾಗಿಲ್ಲ. ಪುಟ್ಟ ರೆಕ್ಕೆ ಇದ್ದರೆ ಬಿಟ್ಟುಬಿಡಿ, ಅಷ್ಟೇ ನಿಯಮ.

ನಾನು ಒಂದು ಕೇಳಬೇಕು. ಮೂರು ವರ್ಷದಿಂದ ಕೇಳಬೇಕು ಎಂದುಕೊಂಡು ಎಷ್ಟು ಸಲ ಕಾಗದ ತೆಗೆದೆನೋ, ಎಷ್ಟು ಸಲ ಹರಿದೆನೋ. ಹಗಲೆಲ್ಲ ಶೆಡ್ಡಿನಲ್ಲಿ ಕೈ ಕೆಲಸ ಮಾಡುತ್ತಿರುತ್ತದೆ, ತಲೆಯಲ್ಲಿ ಇದೊಂದೇ ಸುತ್ತುತ್ತಿರುತ್ತದೆ. ಜೊತೆಯವರು ಏನೋ ಜೋಕು ಹೇಳುತ್ತಾರೆ, ಎಲ್ಲರೂ ನಕ್ಕ ಮೇಲೆ ನಾನು ನಗುತ್ತೇನೆ.

ಅಮ್ಮ ಕೊನೆಯಲ್ಲಿ ನನ್ನನ್ನು ಕೇಳಿದಳಾ? ಏನಾದರೂ ಹೇಳಿದಳಾ?

ಬಯ್ದಿದ್ದರೂ ಪರವಾಗಿಲ್ಲ. ಏನು ಹೇಳಿದಳೋ ಅದನ್ನೇ ಬರೆಯಿರಿ, ಸಾಕು.

ಮಗಳು


ನವೆಂಬರ್ ೩

ಪುಟ್ಟಿ,

ಈ ಹೆಸರು ಬರೆದು ಎಷ್ಟು ಕಾಲವಾಯಿತೋ, ಅಕ್ಷರ ಸೊಟ್ಟಗಾಯಿತು, ನೋಡು.

ನಿನ್ನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ಆದರೆ ಅದನ್ನು ಹೇಳಿದರೆ ನಿನಗೆ ನೋವು, ಹೇಳದಿದ್ದರೆ ನನಗೆ ನೋವು. ಇಷ್ಟು ದಿನ ನಾನೇ ಇಟ್ಟುಕೊಂಡಿದ್ದೇನೆ, ಇನ್ನಷ್ಟು ದಿನ ಇರಲಿ. ಒತ್ತಾಯ ಮಾಡಬೇಡ.

ಮೀನಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ಕಲ್ಲಿಗೆ ಉಜ್ಜಿತು ಅಂದೆಯಲ್ಲ, ಯಾರಿಗೆ ಹೇಳುತ್ತೀಯ ಆ ಕಥೆ? ಆಮೇಲೆಯೂ ಅಂಥವು ಗಾಳಕ್ಕೆ ಬೀಳುತ್ತಲೇ ಇವೆ. ಎಲ್ಲವೂ ಒಂದೇ ವಯಸ್ಸಿನವು, ಎಲ್ಲಕ್ಕೂ ಸೊಟ್ಟ ಬೆನ್ನು, ಎಲ್ಲಕ್ಕೂ ಪುಟ್ಟ ರೆಕ್ಕೆ ಇಡಿಯಾಗಿದೆ. ಒಂದು ಮೀನಿಗೆ ಕಲ್ಲು ಉಜ್ಜಬಹುದು, ಇಡೀ ಸಂಸಾರಕ್ಕೇ ಉಜ್ಜುತ್ತದಾ? ಇವು ನಿಮ್ಮ ತೊಟ್ಟಿಯವೇ. ಬೇಕೆಂತಲೇ ಯಾರೋ ಕತ್ತರಿಸದೆ ಬಿಟ್ಟಿದ್ದಾರೆ. ಯಾಕೆ? ಹೊಳೆ ಮೀನು ಹೆಚ್ಚಾಗಿವೆ ಎಂದು ಮೇಲಿನವರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಲು ಇರಬೇಕು. ನಿಮ್ಮ ಮುಖ್ಯ ಕಚೇರಿಗೆ ಬರೆಯುವವನಿದ್ದೇನೆ. ನೀನು ಮೇಲ್ವಿಚಾರಕಿಯಾದದ್ದು ಈಗ, ಮೀನು ಬಿಟ್ಟದ್ದು ವರ್ಷಗಳ ಹಿಂದೆ. ನಿನ್ನ ಮೇಲೆ ಬರುವುದಿಲ್ಲ ಎಂದುಕೊಂಡಿದ್ದೇನೆ. ಬರುವುದಾದರೆ ಈಗಲೇ ಹೇಳು.

ಮೊನ್ನೆ ಹಾರನ್ ಮಾವ ಇಲ್ಲಿಗೆ ಬಂದಿದ್ದ. ಚಹಾ ಕೊಟ್ಟು, "ಏನಯ್ಯಾ, ಕತ್ತರಿ ತಾಗದ ಮೀನೂ ಸಾಗಿಸ್ತೀಯಂತೆ?" ಎಂದು ತಮಾಷೆಗೆ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮನುಷ್ಯ ಚಹಾ ಅರ್ಧಕ್ಕೇ ಬಿಟ್ಟು ಎದ್ದ. "ಮೊದ್ಲು ಅವಳನ್ನ ಕೇಳಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಬರೀರಿ" ಅಂದ. ಅದಕ್ಕೇ ಕೇಳುತ್ತಿದ್ದೇನೆ.

ನಿನ್ನ ಗಾಳದ ಕೋಲು ಅಟ್ಟದ ಮೇಲಿತ್ತು, ಕೆಳಗಿಳಿಸಿದೆ. ರೀಲಿಗೆ ಎಣ್ಣೆ ಬಿಟ್ಟೆ. ಸುಮ್ಮನೆ, ತುಕ್ಕು ಹಿಡಿಯಬಾರದು ಅಂತ.

ಅಪ್ಪ


ನವೆಂಬರ್ ೧೨

ಅಪ್ಪ,

ಮುಖ್ಯ ಕಚೇರಿಗೆ ಬರೆಯಬೇಡ. ಈ ಚಳಿಗಾಲ ಮುಗಿದರೆ ಮಾವನಿಗೆ ನಿವೃತ್ತಿ. ನನಗೇನಾದರೂ ಆಗಲಿ, ಅವರಿಗೆ ನೌಕರಿಯ ಕೊನೆಯಲ್ಲಿ ಕೆಟ್ಟ ಹೆಸರು ಬರಬಾರದು. ಆ ಮೀನು ಬಿಟ್ಟವಳು ನಾನೇ. ಯಾವತ್ತು ಅಂತ ಕೇಳು.

ಅವತ್ತು ಶೆಡ್ಡಿನಲ್ಲಿ ಇದ್ದದ್ದು ನಾನು, ಮಾವ, ಇಬ್ಬರೇ. ಉಳಿದವರಿಗೆ ರಜೆ. ಕತ್ತರಿಸುವ ಕೆಲಸ ನಿನಗೆ ಗೊತ್ತಲ್ಲ: ಮರಿಗಳನ್ನು ಮೊದಲು ಮತ್ತಿನ ಮದ್ದು ಬೆರೆಸಿದ ತೊಟ್ಟಿಗೆ ಬಿಡುತ್ತೇವೆ. ಅವು ಮಂಕಾದ ಮೇಲೆ ಒಂದೊಂದನ್ನೇ ಹಿಡಿದು ಪುಟ್ಟ ರೆಕ್ಕೆ ಕತ್ತರಿಸಿ ಪೈಪಿಗೆ ಹಾಕಿದರೆ ಜಾರಿಕೊಂಡು ಟ್ಯಾಂಕರ್ ಸೇರುತ್ತವೆ. ತೊಟ್ಟಿಯಲ್ಲಿ ಅರ್ಧ ಆಗಿತ್ತು, ಅರ್ಧ ಬಾಕಿ ಇತ್ತು. ಆಗ ನೀನು ಫೋನ್ ಮಾಡಿದೆ. "ಹೊರಡು" ಅಂದೆ. ಇನ್ನೊಂದು ಮಾತೂ ಆಡದೆ ಇಟ್ಟುಬಿಟ್ಟೆ.

ನಮ್ಮೂರಿಗೆ ಬಸ್ಸು ಇದ್ದದ್ದು ಸಂಜೆಗೆ. ನಾನು ಶೆಡ್ಡಿನ ನಡುವೆ ದಿಕ್ಕು ತೋಚದೆ ನಿಂತುಬಿಟ್ಟೆ. ಮಾವ ಬಂದು ಮುಖ ನೋಡಿದರು, ಅರ್ಥ ಮಾಡಿಕೊಂಡರು.

"ಬಸ್ಸಿಗೆ ಕಾಯ್ಬೇಡ. ಈ ಲೋಡು ಹಳೇ ಸೇತುವೆಗೇ ಹೋಗೋದು. ಹತ್ತು" ಅಂದರು.

"ಅರ್ಧ ಇನ್ನೂ ಕತ್ತರಿಸಿಲ್ಲ ಮಾವ."

"ಹಾಗೇ ಬಿಟ್ಟು ಹೋದ್ರೆ ಮದ್ದಿನ ನೀರಲ್ಲಿ ಸಾಯ್ತಾವೆ. ಮುಗಿಸ್ಕೊಂಡೇ ಹೋಗೋಣ ಅಂದ್ರೆ ಹೊತ್ತಾಗುತ್ತೆ. ಏನ್ ಮಾಡ್ತೀಯ ಹೇಳು."

ಕತ್ತರಿ ಕೆಳಗಿಟ್ಟೆ. ತೊಟ್ಟಿಗೂ ಪೈಪಿಗೂ ನಡುವೆ ಇರುವ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿಬಿಟ್ಟೆ. ಮರಿಗಳೆಲ್ಲ ರೆಕ್ಕೆ ಸಮೇತ ಬುಳುಬುಳು ಅಂತ ಒಂದೇ ಸಲ ಇಳಿದುಹೋದವು. ನಮ್ಮ ಕೇಂದ್ರದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಇಲ್ಲ ಅಪ್ಪ. ಹೊಸಬರಿಗೆ ಮೊದಲ ದಿನ ಹೇಳಿಕೊಡುವುದೇ ಅದು: ಆಕಾಶ ಕಳಚಿ ಬಿದ್ದರೂ ಕತ್ತರಿಸದೆ ಹಲಗೆ ಎತ್ತಬೇಡಿ.

"ಅಯ್ಯೋ ಪುಟ್ಟಿ, ಇದು ಗೊತ್ತಾದ್ರೆ ಇಬ್ರನ್ನೂ ಮನೆಗೆ ಕಳಿಸ್ತಾರೆ" ಅಂದರು ಮಾವ.

"ನಾನು ಮನೆಗೇ ಹೋಗ್ಬೇಕಿರೋದು ಮಾವ" ಅಂದೆ.

ಬೂಟು ಬಿಚ್ಚಲಿಲ್ಲ. ಏಪ್ರನ್ ತೆಗೆಯಬೇಕು ಎಂಬ ಯೋಚನೆಯೂ ಬರಲಿಲ್ಲ. ಹಾಗೇ ಹತ್ತಿದೆ.

ಜೀವಂತ ಮೀನು ಹೊತ್ತ ಗಾಡಿ ಮೆಲ್ಲಗೆ ಹೋಗಬೇಕು, ತಿರುವಿನಲ್ಲಿ ನೀರು ತುಳುಕಿದರೆ ಮರಿಗಳು ಗೋಡೆಗೆ ಬಡಿಯುತ್ತವೆ. ಮಾವ ಮೊದಮೊದಲು ಮೆಲ್ಲಗೇ ಓಡಿಸಿದರು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ ಗೇರ್ ಬದಲಾಯಿಸಿದರು. ಪೇಟೆಯಲ್ಲಿ ಲಾರಿಗಳು ಅಡ್ಡ ನಿಂತಿದ್ದವು. ಜನ್ಮದಲ್ಲಿ ಹಾರನ್ ಒತ್ತದ ಮನುಷ್ಯ ಅವತ್ತು ಒತ್ತಿದ ಕೈ ತೆಗೆಯಲಿಲ್ಲ. ಪೇಟೆ ದಾಟಿದ ಮೇಲೂ, ಹೊಳೆಯ ಆಚೆ ದಂಡೆಯ ರಸ್ತೆಯಲ್ಲೂ, ದಾರಿಯಲ್ಲಿ ಯಾರೂ ಇಲ್ಲದಿದ್ದರೂ, ಒತ್ತುತ್ತಲೇ ಇದ್ದರು. ಆಚೆ ದಂಡೆಯಿಂದ ನಮ್ಮ ಮನೆಯ ಹೆಂಚು ಕಾಣುತ್ತದಲ್ಲ, ಅದನ್ನು ನೋಡುತ್ತ ಕೂತಿದ್ದೆ. ಸೇತುವೆಯವರೆಗೆ ಹೋಗಿ ಸುತ್ತಿಕೊಂಡು ಈಚೆ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮಾವ ನನ್ನನ್ನು ಇಳಿಸಿ ಮರಿಗಳನ್ನು ಮಡುವಿಗೆ ಬಿಡಲು ಹೋದರು, ನೀನು ಬಾಗಿಲಲ್ಲಿ ಆ ಮಾತು ಕೇಳಿದೆ.

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಅಮ್ಮನಿಗಿಂತ ಮೀನು ಹೆಚ್ಚು ಅಂದುಕೊಂಡವಳು ಎಂದು ನನ್ನ ಅಪ್ಪನಿಗೇ ಅನ್ನಿಸಿದರೆ, ಅಲ್ಲ ಅಂತ ಯಾವ ಬಾಯಿಂದ ಹೇಳಲಿ? ತಾನಾಗೇ ಗೊತ್ತಾಗಲಿ ಎಂದು ಹಟ ಮಾಡಿದೆ. ನಿನ್ನ ಮಗಳಲ್ಲವಾ, ಹಟಕ್ಕೇನು ಕಡಿಮೆ.

ಈಗ ಗೊತ್ತಾಯಿತಲ್ಲ. ನನ್ನ ಪ್ರಶ್ನೆ ಹಾಗೇ ಇದೆ.

ಪುಟ್ಟಿ


ಡಿಸೆಂಬರ್ ೫

ಅಪ್ಪ,

ಕಾಗದ ತಲುಪಿತೋ ಇಲ್ಲವೋ? ಅಂಚೆಯವನನ್ನು ಕೇಳಿ ಕೇಳಿ ಅವನು ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಅಂತ.

ಮಾವ ಹೋದ ವಾರ ನಿನ್ನನ್ನು ಸೇತುವೆಯ ಮೇಲೆ ಕಂಡರಂತೆ. ಕೈಯಲ್ಲಿ ಕೋಲು ಇರಲಿಲ್ಲ, ಜೊತೆಯಲ್ಲಿ ಗಿರಾಕಿಯೂ ಇರಲಿಲ್ಲ, ಕಟ್ಟೆಗೆ ಒರಗಿ ನೀರು ನೋಡುತ್ತಿದ್ದೆಯಂತೆ. ಕರೆದರೂ ತಿರುಗಲಿಲ್ಲವಂತೆ. ಹುಷಾರಾಗಿದ್ದೀಯ ತಾನೇ?

ಇಲ್ಲಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾಗಿದೆ. ನನ್ನ ರೂಮಿನ ಕಿಟಕಿಯಿಂದ ಹೊಳೆ ಕಾಣುತ್ತದೆ, ಹೇಳಿದ್ದೆನೋ ಇಲ್ಲವೋ. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತು ನೋಡುತ್ತೇನೆ. ಈ ನೀರು ನಿನ್ನೆಯೋ ಮೊನ್ನೆಯೋ ನಮ್ಮ ಮನೆಯ ಹಿತ್ತಿಲು ದಾಟಿ ಬಂದದ್ದು. ನೀನು ಅದರಲ್ಲಿ ಕಾಲು ತೊಳೆದಿರುತ್ತೀಯ. ಹುಚ್ಚು ಯೋಚನೆ ಅನ್ನು. ಆದರೆ ದಿನವೂ ಅದನ್ನೇ ಯೋಚಿಸುತ್ತೇನೆ. ಮನೆಗೆ ಬರಬೇಕು ಅನ್ನಿಸುತ್ತದೆ ಅಪ್ಪ. ತುಂಬಾ ಅನ್ನಿಸುತ್ತದೆ.

ಅಮ್ಮನ ವಿಷಯ ಬರೆಯಲು ಕಷ್ಟವಾದರೆ ಬೇಡ. ಬಯ್ದು ಒಂದು ಸಾಲು ಬರೆ. ಮೀನನ್ನು ಬಯ್ಯಿ, ನಮ್ಮ ಇಲಾಖೆಯನ್ನು ಬಯ್ಯಿ. ಬಯ್ಗುಳವಾದರೂ ಬರಲಿ.

ಪುಟ್ಟಿ


ಡಿಸೆಂಬರ್ ೨೮

ಪುಟ್ಟಿ,

ಕಾಗದ ಅವತ್ತೇ ತಲುಪಿತ್ತು. ಓದಿದೆ. ಮಡಿಸಿಟ್ಟೆ. ಮತ್ತೆ ತೆಗೆದು ಹಾರನ್ನಿನ ಮಾತು ಬರುವ ಕಡೆ ಬೆರಳಿಟ್ಟು ಓದಿದೆ. ಡಾಕ್ಟರು ಬಂದರೆ, ಹೊಳೆಗೆ ಜ್ವರ ಬಂದಿದೆ, ಹೋಗಿ ಅಂದೆ. ಪಾಪ, ಹೋದರು.

ಈಗ ಕೇಳು. ನಿಮ್ಮ ಅಮ್ಮ ಕೊನೆಯಲ್ಲಿ ಏನು ಹೇಳಿದಳು ಎಂದು ಬರೆಯುತ್ತೇನೆ. ಒಂದು ಅಕ್ಷರ ಕೂಡಿಸುವುದಿಲ್ಲ, ಕಳೆಯುವುದಿಲ್ಲ.

ನಿನಗೆ ಫೋನ್ ಮಾಡಿ ಬಂದು ಅವಳ ಪಕ್ಕ ಕೂತೆ. "ಅವಳು ಕೆಲಸದ ಮೇಲಿದ್ದಾಳೆ, ಸಂಜೆ ಬಸ್ಸಿಗೆ ಬರ್ತಾಳೇನೋ" ಅಂದೆ. ಅವಳು ತಲೆ ಆಡಿಸಿದಳು. "ಇಲ್ಲ. ಹೊರಟಿರ್ತಾಳೆ. ನನ್ನ ಮಗಳು ಕೈಲಿದ್ದದ್ದು ಅಲ್ಲೇ ಹಾಕಿ ಹೊರಟಿರ್ತಾಳೆ" ಅಂದಳು. ಆಮೇಲೆ ಬಹಳ ಹೊತ್ತು ಕಳೆಯಿತು. ಉಸಿರು ಒಂದು ಬಂದರೆ ಇನ್ನೊಂದು ಬರಲು ತಡ. ಆಗ ಆಚೆ ದಂಡೆಯಿಂದ ಹಾರನ್ ಕೇಳಿಸಿತು. ಬಿಡದೆ, ಒಂದೇ ಸಮನೆ. ಯಾವನೋ ಕುಡಿದವನು ಲಾರಿ ಓಡಿಸುತ್ತಿದ್ದಾನೆ ಎಂದು ನಾನು ಕಿಟಕಿ ಮುಚ್ಚಲು ಎದ್ದೆ. ಅವಳು ನನ್ನ ಕೈ ಹಿಡಿದಳು. "ಮುಚ್ಬೇಡಿ. ಬಂದ್ಳು" ಅಂದಳು. ಮುಖದಲ್ಲಿ ನಗು ಇತ್ತು ಪುಟ್ಟಿ. ನನ್ನಾಣೆ. ಹಾರನ್ ಸೇತುವೆಯ ಕಡೆ ತಿರುಗುವಷ್ಟರಲ್ಲಿ ಅವಳು ಇರಲಿಲ್ಲ.

ನಾನು ಏನು ಅಂದುಕೊಂಡೆ ಗೊತ್ತಾ? ಜ್ವರದ ಭ್ರಮೆ ಅಂದುಕೊಂಡೆ. ಎಲ್ಲೋ ಹೋಗುವ ಲಾರಿಯ ಸದ್ದಿಗೆ ಮಗಳು ಬಂದಳು ಎಂದು ನಂಬಿ ಹೋದಳಲ್ಲ, ನನ್ನ ಹೆಂಡತಿಗೆ ಕೊನೆಗೆ ಸಿಕ್ಕಿದ್ದು ಬರೀ ಸುಳ್ಳು ಸಮಾಧಾನ ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಟ್ಯಾಂಕರ್ ಬಂದು ನಿಂತಿತು. ಹಾರನ್ ಮಾವನ ಗಾಡಿ. ಆ ಗಾಡಿಗೆ ಬಾಯೇ ಇಲ್ಲ ಎಂದು ಊರಿಗೆಲ್ಲ ಗೊತ್ತು. ಎರಡನ್ನೂ ಸೇರಿಸಿ ನೋಡಲು ಈ ಮಂಡೆಗೆ ಹೊಳೆಯಲೇ ಇಲ್ಲ. ಕೈಲಿದ್ದದ್ದು ಅಲ್ಲೇ ಹಾಕಿ ಬರುತ್ತಾಳೆ ಅಂದಳಲ್ಲ ಅವಳಮ್ಮ, ಇವಳು ನೋಡಿದರೆ ಕೈಲಿದ್ದದ್ದನ್ನು ಗಾಡಿಗೆ ತುಂಬಿಕೊಂಡೇ ಬಂದಿದ್ದಾಳೆ ಎಂದು ಕಂಡಿತು. ಆ ಕೋಪಕ್ಕೆ ಬಾಯಿಂದ ಆ ಮಾತು ಬಂತು. ಮೂರು ವರ್ಷ ಆ ಕೋಪವನ್ನೇ ಹಾಸಿ ಹೊದ್ದು ಮಲಗಿದೆ. ಅವಳು ಹೇಳಿದ್ದನ್ನು ನಿನಗೆ ಹೇಳಿದರೆ, ನೀನು ಬರುವ ಮೊದಲೇ ಬಂದೆ ಎಂದು ಅವಳು ನಂಬಿದ್ದು ಗೊತ್ತಾದರೆ, ನೀನು ಜನ್ಮವೆಲ್ಲ ಕೊರಗುತ್ತೀಯ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಅವಳು ನಂಬಿದ್ದು ಸರಿಯಾಗಿಯೇ ಇತ್ತು. ಕೇಳಿಸಿದ್ದು ನೀನೇ. ತಪ್ಪು ಕೇಳಿಸಿಕೊಂಡವನು ನಾನು. ಹೊಟ್ಟೆಗೆ ಹಾಕಿಕೊ ತಾಯಿ.

ಇನ್ನು ಮೀನಿನ ವಿಷಯ. ಸೇತುವೆಯ ಮೇಲೆ ನಿಂತು ನಾನು ನೋಡುತ್ತಿದ್ದದ್ದು ಅವನ್ನೇ. ನಿನ್ನ ಸೊಟ್ಟ ಬೆನ್ನಿನವು ಮಡುವಿನ ತಲೆಯ ಕಡೆ, ನೀರು ತೆಳ್ಳಗೆ ಹರಿಯುವ ಜಲ್ಲಿಯ ಮೇಲೆ ಸೇರಿವೆ. ಮೊದಲು ಡಾಕ್ಟರ ಗಾಳಕ್ಕೆ ಬಿದ್ದವಳು, ತುಟಿಯ ಮೇಲೆ ಗಾಳದ ಗುರುತು ಇದೆ, ಬಾಲದಿಂದ ಜಲ್ಲಿ ತೋಡಿ ಗುಂಡಿ ಮಾಡಿದಳು. ಪಕ್ಕದಲ್ಲಿ ಒಬ್ಬ ಅಪ್ಪಟ ಹೊಳೆಯವನು, ನೆಟ್ಟಗಿನ ರೆಕ್ಕೆಯವನು, ಬೇರೆ ಯಾರನ್ನೂ ಹತ್ತಿರ ಬಿಡದೆ ಕಾಯುತ್ತಿದ್ದ. ಅವಳು ಮೊಟ್ಟೆ ಇಟ್ಟು ಮೇಲೆ ಜಲ್ಲಿ ಮುಚ್ಚಿದಳು. ತೊಟ್ಟಿ ಮೀನಿಗೆ ಗೂಡು ಮಾಡಲು ಬರುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಭಾಷಣ ಬಿಗಿಯುತ್ತಿದ್ದೆ. ಅವಳು ಮಾಡಿದ್ದು ಸ್ವಲ್ಪ ಸೊಟ್ಟಗೇ ಇತ್ತು ಅನ್ನು. ಆದರೂ ಮಾಡಿದಳು. ಇನ್ನು ಅಲ್ಲಿ ಹುಟ್ಟುವವು ತೊಟ್ಟಿಯವೋ ಹೊಳೆಯವೋ ಎಂದು ನನ್ನನ್ನು ಕೇಳಬೇಡ. ನಮ್ಮ ಮನೆಯ ಹಿತ್ತಿಲಲ್ಲಿ ಹುಟ್ಟುತ್ತವೆ, ನನಗೆ ಅಷ್ಟು ಸಾಕು.

ಮುಖ್ಯ ಕಚೇರಿಗೆ ನಾನು ಬರೆಯುವುದಿಲ್ಲ. ಪುಟ್ಟ ರೆಕ್ಕೆ ಇದ್ದರೆ ಹೊಳೆಯದು, ಬಿಟ್ಟುಬಿಡಬೇಕು, ಅಷ್ಟೇ ನಿಯಮ. ನೀನೇ ಬರೆದಿದ್ದೀಯ.

ಅವತ್ತು ಬಾಗಿಲಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ನಾನೇ ಕೊಡುತ್ತೇನೆ. ಮೀನು ಸುಖವಾಗಿ ತಲುಪಿವೆ ಪುಟ್ಟಿ. ಯಾವುದನ್ನೂ ಯಾರಿಗೂ ಒಯ್ಯಲು ಬಿಟ್ಟಿಲ್ಲ.

ಈಗ ನೀನು ಬಾ. ಬಸ್ಸಿಗೆ ಬರಬೇಡ. ಮಾವನ ನಿವೃತ್ತಿಗೆ ಮೊದಲು, ಅವನ ಗಾಡಿಯಲ್ಲೇ, ಬೂಟು ಏಪ್ರನ್ನಿನ ಸಮೇತ ಬಾ. ಆಚೆ ದಂಡೆಯ ರಸ್ತೆಗೆ ಬಂದ ಕೂಡಲೇ ಹಾರನ್ ಒತ್ತಲು ಅವನಿಗೆ ಹೇಳು. ಕಿಟಕಿ ತೆಗೆದಿಟ್ಟಿರುತ್ತೇನೆ. ಈ ಸಲ ನನಗೂ ಕೇಳಿಸುತ್ತದೆ.

ಅಪ್ಪ